ಎಡ, ಬಲ, ನೇರ

ಪ್ಲೊವ್ದಿವ್ ಪಟ್ಟಣದ ನಮ್ಮ ಶಾಲೆಯ ಶಿಕ್ಷಕರೆಲ್ಲ ಪ್ರತಿ ಫೆಬ್ರವರಿಯಲ್ಲಿ ಬಾನ್ಸ್ಕೊ ಬೆಟ್ಟಕ್ಕೆ, ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಹೋಗುತ್ತೇವೆ. ಈ ಸಲ ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಬರೆಯುತ್ತಿದ್ದಾಗ ಭೌತಶಾಸ್ತ್ರದ ಓಗ್ನ್ಯಾನ್, "ನೆವೇನಾ, ನನ್ನ ಹೆಸರೂ ಹಾಕಮ್ಮ" ಎಂದರು.

ಶಿಕ್ಷಕರ ಕೊಠಡಿಯಲ್ಲಿದ್ದವರೆಲ್ಲ ಅವರತ್ತ ತಿರುಗಿದರು. ಹಿಂದಿನ ವರ್ಷ ಅವರ ಎರಡೂ ಕಣ್ಣು ಹೋಗಿದ್ದವು. ಪಾಠ ಮಾತ್ರ ಬಿಟ್ಟಿರಲಿಲ್ಲ.

"ಹೋಟೆಲಲ್ಲಿ ಬೆಚ್ಚಗೆ ಕೂತಿರ್ತೀರಾ?" ಎಂದೆ ಮೆಲ್ಲಗೆ.

"ಕೂರೋಕೆ ಮನೇಲೇ ಕುರ್ಚಿ ಇದೆಯಲ್ಲ! ನಾನು ಜಾರೋಕೆ ಬರ್ತಿರೋದು. ಕುರುಡರೂ ಜಾರ್ತಾರೆ ಕಣಮ್ಮ. ಮುಂದೆ ಒಬ್ರು ಎಡ, ಬಲ ಅಂತ ಕೂಗ್ತಾ ಹೋಗ್ಬೇಕು, ಅಷ್ಟೆ."

"ಯಾರು ಕೂಗ್ತಾರೆ?"

"ನೀನೇ. ಎರಡನೇ ಮಹಡಿಯಿಂದ ನೀನು ಗದರಿದ್ರೆ ಮೈದಾನದಲ್ಲಿರೋ ಹುಡುಗ್ರು ನಿಂತ್ಬಿಡ್ತಾರೆ. ಅಂಥ ಗಂಟಲು ಇನ್ಯಾರಿಗಿದೆ?"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. "ನಾನೊಂದು ತಪ್ಪು ಹೇಳಿದ್ರೆ ನೀವು ಮರಕ್ಕೆ ಬಡೀತೀರಿ" ಎಂದೆ.

"ಹಾಗಾದ್ರೆ ಇವತ್ತೇ ಕಲಿ" ಎಂದು ಕೋಟು ಹಾಕಿಕೊಂಡರು.

ಮೈದಾನದಲ್ಲಿ ತೆಳ್ಳಗೆ ಹಿಮ ಬಿದ್ದಿತ್ತು. ನಾನು ಮುಂದೆ ನಡೆಯುತ್ತ, "ಎಡ... ಇನ್ನೂ ಎಡ... ನೇರ" ಎನ್ನುತ್ತಿದ್ದೆ. ಮೊದಲ ಸುತ್ತಿನಲ್ಲಿ ಅವರು ಕೋಲೂರಿಕೊಂಡು ಬಂದರು. ಎರಡನೆಯದರಲ್ಲಿ ನಾನು "ಬಲ" ಎನ್ನುವುದು ತಡವಾಗಿ ಬೆಂಚಿಗೆ ಡಿಕ್ಕಿ ಹೊಡೆದರು.

"ಪರವಾಗಿಲ್ಲ, ಸ್ವಲ್ಪ ಬೇಗ ಹೇಳು" ಎಂದು ಮೊಣಕಾಲು ಉಜ್ಜಿಕೊಂಡರು.

ಮೂರನೆಯ ಸುತ್ತಿಗೆ ಕೋಲನ್ನು ನನ್ನ ಕೈಗೆ ಕೊಟ್ಟು ಓಡತೊಡಗಿದರು. ಅವರಿಗಿಂತ ಮುಂದಿರಲು ನಾನೂ ಕೂಗುತ್ತ ಓಡಬೇಕಾಯಿತು. ಹೊರಡುವುದಕ್ಕೆ ಇನ್ನೂ ಐದು ವಾರವಿತ್ತು. ಕಲಿಯಲು ನಮಗಿಬ್ಬರಿಗೂ ಅಷ್ಟು ಸಾಕೆನ್ನಿಸಿತು.