ಸಲ್ಮಾ ಆಂಟಿಯ ಬಿಳಿಯ ಕೋಟು

"ಅಮ್ಮಾ, ವಿಲ್ ಸಲ್ಮಾ ಆಂಟಿ ಮೆಲ್ಟ್ ಇನ್ ದ ಸ್ಪ್ರಿಂಗ್?"

ಐದು ವರ್ಷದ ಕುಶ್ ಹೀಗೆ ಕೇಳಿದ್ದು ತೊಂಬತ್ತಾರರ ಫೆಬ್ರವರಿಯಲ್ಲಿ, ನಾವಿಬ್ಬರೂ ಸೇರಿ ಮಾಡಿದ್ದ ಸ್ನೋಮ್ಯಾನ್ ಅಕಾಲದ ಮಳೆಗೆ ಕರಗಿ ಕ್ಯಾರೆಟ್ ಮೂಗನ್ನಷ್ಟೇ ಉಳಿಸಿಹೋದ ದಿನ. ಅವನ ಭಯ ಅಕಾರಣವೇನೂ ಅಲ್ಲ. ನನ್ನ ಗಂಡ ಸುರೇಶನ ಹೊಸ ಪ್ರಾಜೆಕ್ಟಿನ ಬೆನ್ನುಹತ್ತಿ ಟೆಕ್ಸಾಸಿನ ಬಿಸಿಲಿನಿಂದ ನವೆಂಬರಿನ ಚಳಿಗೆ, ಅಮೆರಿಕದ ಉತ್ತರದ ಸಮರ್‌ಸೆಟ್‌ಗೆ ಬಂದಿಳಿದ ನಮಗೆ, ಶಾಲೆಯ ಮುಂದಿನ ಮೂಲೆಯಲ್ಲಿ ಮಕ್ಕಳಿಗೆ ರಸ್ತೆ ದಾಟಿಸುವ ಸಲ್ಮಾ ಆಂಟಿ ಕಂಡದ್ದೇ ಒಂದು ವೇಷದಲ್ಲಿ: ಕತ್ತಿನಿಂದ ಹಿಮ್ಮಡಿಯವರೆಗೆ ಇಳಿಬಿದ್ದು, ಒಳಗಿನ ಮೂರು ಸ್ವೆಟರುಗಳಿಂದ ಉಬ್ಬಿ ದುಂಡಗಾಗಿದ್ದ, ಒಂದು ಕಾಲಕ್ಕೆ ಬೆಳ್ಳಗಿದ್ದಿರಬಹುದಾದ ಕೋಟು, ಅದರ ಮೇಲೊಂದು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ, ಕೈಯಲ್ಲಿ 'ಸ್ಟಾಪ್' ಎಂದು ಬರೆದ ಕೆಂಪು ಫಲಕ. ಕೋಟಿನ ಗುಂಡಿಯೊಂದು ಎಂದೋ ಕಳೆದುಹೋಗಿ, ಆ ಜಾಗದಲ್ಲಿ ಅವರು ತವರೂರು ಚನ್ನಪಟ್ಟಣದಿಂದ ತಂದಿದ್ದ, ಅರಗಿನ ಮೆರುಗಿನ ಕೆಂಪು ಮರದ ಮಣಿಯನ್ನು ಹೊಲಿದುಕೊಂಡಿದ್ದರು. ಸ್ನೋಮ್ಯಾನಿನ ಎದೆಗೆ ನಾವೂ ಅಂಥದ್ದೇ ಒಂದು ಗುಂಡಿ ಚುಚ್ಚಿದ್ದೆವಲ್ಲ!

"ಇಲ್ಲ ಕಣೋ, ಆಂಟಿ ಕರಗಲ್ಲ" ಎಂದು ಅವನನ್ನು ಮಲಗಿಸಿ, ಪ್ರಶ್ನೆಯನ್ನು ಡೈರಿಯಲ್ಲಿ ಬರೆದಿಟ್ಟೆ.

ಹಿಮದ ಮೇಲಿನ ನಡಿಗೆಗೆ ಸಲ್ಮಾ ಆಂಟಿಯದೇ ಒಂದು ಶಾಸ್ತ್ರವಿತ್ತು. ಹಿಮ್ಮಡಿಯನ್ನು ಮೊದಲು ಊರದೆ, ಇಡೀ ಪಾದವನ್ನು ಚಪ್ಪಟೆಯಾಗಿ ಇಟ್ಟು, ಎರಡೂ ಕೈಗಳನ್ನು ಕೊಂಚ ಅಗಲಿಸಿ, ಬಾತುಕೋಳಿಯ ಗಾಂಭೀರ್ಯದಿಂದ ಅವರು ರಸ್ತೆಯ ನಡುವಿಗೆ ಬಂದು ನಿಂತರೆಂದರೆ ಎರಡೂ ಬದಿಯ ವಾಹನಗಳು ತಾವಾಗಿ ವಿನಯವನ್ನು ತಂದುಕೊಳ್ಳುತ್ತಿದ್ದವು. ಮೊದಲ ದಿನವೇ ನಾನು ಕುಶ್‌ಗೆ ಕನ್ನಡದಲ್ಲಿ ಗದರಿದ್ದು ಕೇಳಿ, ನನ್ನ ನಡಿಗೆ ನೋಡಿ, "ಬಳುಕ್ಕೊಂಡು ನಡಿಯೋಕೆ ಇದೇನ್ ಮದುವೆ ಮನೆಯಾ ತಾಯಿ? ನಿಲ್ಲು, ನೋಡು, ಆಮೇಲೆ ನಡಿ" ಎಂದಿದ್ದರು. ಪರದೇಶದಲ್ಲಿ ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿದ ಸಂಭ್ರಮಕ್ಕೇ ನಾನು ಅಲ್ಲಿ ಜಾರಿ ಬೀಳಬೇಕಿತ್ತು. ಆ ಮೂರು ಮಾತು ಅವರ ಮಂತ್ರ. ದೋಸೆ ಹೆಂಚಿಗೆ ಅಂಟುತ್ತದೆಂದರೂ, ಸುರೇಶನ ಗ್ರೀನ್ ಕಾರ್ಡ್ ಏನಾಗುವುದೋ ಎಂದರೂ ಉತ್ತರ ಒಂದೇ: ನಿಲ್ಲು, ನೋಡು, ಆಮೇಲೆ ನಡಿ.

ಆ ಮೂಲೆಯಲ್ಲಿ ಅವರು ನಿಂತು ಹನ್ನೊಂದು ವರ್ಷವಾಗಿತ್ತು. ಈ ದೇಶದ ಮೊದಲ ಎರಡು ಚಳಿಗಾಲಗಳನ್ನು ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡೇ ಕಳೆದಿದ್ದರಂತೆ. ಮೂರನೆಯದಕ್ಕೆ ಯಾರದೋ ಮನೆಯಂಗಳದ ಹಳೆ ಸಾಮಾನಿನ ಮಾರಾಟದಲ್ಲಿ ಈ ಕೋಟು ಕೊಂಡು ಹೊರಬಿದ್ದರು. "ಮನೇಲಿ ನಾನು ಕೈ ಎತ್ತಿದ್ರೆ ಟೀವಿ ಕೂಡ ನಿಲ್ಲಲ್ಲ ಕಣಮ್ಮ. ಇಲ್ಲಿ ಹದಿನೆಂಟು ಚಕ್ರದ ಲಾರಿ ನಿಲ್ತದೆ!"

ರಂಜಾನ್ ಹಬ್ಬ ಕಳೆದು ಮೂರು ದಿನವಾದರೂ ಅವರು ಮೂಲೆಗೆ ಬರಲಿಲ್ಲ. ಫಲಕ ಹಿಡಿದು ಯಾರೋ ಎತ್ತರದ ಯುವಕ ನಿಂತಿದ್ದ. ಕುಶ್ ಅಲ್ಲೇ ಬಿಕ್ಕತೊಡಗಿದ: "ಐ ಟೋಲ್ಡ್ ಯೂ! ಶಿ ಮೆಲ್ಟೆಡ್!" ಕರಗಿಲ್ಲವೆಂದು ಅವನಿಗೆ ಕಣ್ಣಾರೆ ತೋರಿಸಲು ಸಂಜೆ ಅವರ ಮನೆಗೇ ಕರೆದುಕೊಂಡು ಹೋದೆ. ಆಂಟಿ ಮನೆಯೊಳಗೂ ಅದೇ ಕೋಟು ಹೊದ್ದು ಸೋಫಾದ ಮೇಲಿದ್ದರು. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರು.

"ಹಬ್ಬದ ದಿನ ಮೆಟ್ಲು ತೊಳೀದೆ ಹೆಂಗಿರೋದು? ಐಸೂ ಕರಗ್ಲಿ ಅಂತ ಎರಡು ಪಾತ್ರೆ ಬಿಸಿನೀರು ಸುರಿದೆ. ಏನ್ ಚೆನ್ನಾಗಿ ಕರಗ್ತು ಅಂತೀಯ! ಹತ್ತು ನಿಮಿಷ ಬಿಟ್ಟು ನಮ್ಮೋರನ್ನ ನಮಾಜಿಗೆ ಕಳಿಸೋಣ ಅಂತ ಕಾಲಿಟ್ರೆ, ನೀರು ಮತ್ತೆ ಗಡ್ಡೆ ಕಟ್ಟಿ ಮೆಟ್ಲೆಲ್ಲ ಕನ್ನಡಿ."

"ನಿಲ್ಲು, ನೋಡು ಅನ್ನೋದು ಎಲ್ಲಿ ಹೋಯ್ತು ಆಂಟಿ?"

"ಅದು ಊರೋರಿಗೆ ಹೇಳೋದು" ಎಂದು ನಕ್ಕು, ನೋವಿಗೆ ಮುಖ ಹಿಂಡಿದರು.

ನಗೆಯ ಹಿಂದೆ ಆತಂಕವಿತ್ತು. ಮೇ ಒಂದರೊಳಗೆ ವೈದ್ಯರ ಪತ್ರ ತಂದು, ಮೇಲ್ವಿಚಾರಕರೆದುರು ಐದು ನಿಮಿಷ ಫಲಕ ಎತ್ತಿಹಿಡಿದು ತೋರಿಸದಿದ್ದರೆ ಆ ಮೂಲೆ ಹೊಸ ಯುವಕನ ಪಾಲಾಗುವುದೆಂದು ಟೌನ್‌ಶಿಪ್ ಕಚೇರಿಯಿಂದ ಕಾಗದ ಬಂದಿತ್ತು. ಆಂಟಿಯ ಯಜಮಾನರಿಗೆ ಅದೇ ಹಿತವೆನ್ನಿಸಿತ್ತು. "ಐವತ್ತೆಂಟಾಯ್ತು, ಸಾಕು. ಮನೇಲಿ ಬೆಚ್ಚಗಿರ್ಲಿ" ಎಂದರು ನನ್ನ ಕಡೆ ತಿರುಗಿ.

"ಬೆಚ್ಚಗಿಡೋಕೆ ನಾನೇನ್ ಹೆಪ್ಪು ಹಾಕಿದ್ ಹಾಲಾ?" ಎಂದರು ಆಂಟಿ.

ಆ ವರ್ಷದ ಚಳಿಗಾಲಕ್ಕೆ ಹೊರಡುವ ಮನಸ್ಸೇ ಇರಲಿಲ್ಲ. ಮಾರ್ಚ್ ಮುಗಿಯುತ್ತ ಬಂದರೂ ರಸ್ತೆಯ ಅಂಚಿನಲ್ಲಿ ಮಸಿಬಣ್ಣದ ಹಿಮದ ದಿಣ್ಣೆಗಳು. ಬಾಗಿಲ ಬಳಿ ಉಪ್ಪಿನ ಕಲೆ ಹೊತ್ತ ಬೂಟುಗಳ ಸಾಲು. ಬೆಳಿಗ್ಗೆ ಕುಶ್‌ಗೆ ಕೈಗವಸು ತೊಡಿಸುವಾಗ ಎಷ್ಟೋ ಸಲ ನನಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಶನಿವಾರ ಕುಶ್‌ನನ್ನು ಸುರೇಶನ ಬಳಿ ಬಿಟ್ಟು ಆಂಟಿಯ ಮನೆಗೆ ಹೋಗುವುದೊಂದೇ ನನ್ನ ವಾರದ ಬಿಸಿಲು.

ಏಪ್ರಿಲ್‌ನಲ್ಲಿ ಪ್ಲಾಸ್ಟರು ಬಿಚ್ಚಿದಾಗ ಮಣಿಕಟ್ಟು ನುಗ್ಗೆಕಾಯಿಯಷ್ಟು ಸಣ್ಣಗಾಗಿತ್ತು. ವ್ಯಾಯಾಮಕ್ಕೆಂದು ಆಸ್ಪತ್ರೆಯವರು ಕೊಟ್ಟ ನೀಲಿ ಸ್ಪಂಜಿನ ಚೆಂಡನ್ನು ಆಂಟಿ ಕುಶ್‌ಗೆಂದು ನನ್ನ ಕೈಗೆ ಕೊಟ್ಟು, ಅಟ್ಟದಿಂದ ಮುದ್ದೆಕೋಲು ಇಳಿಸಿದರು. ದಿನಕ್ಕೊಂದು ಹೊತ್ತು ರಾಗಿಮುದ್ದೆ. ಹಿಟ್ಟು ತಿರುವುವುದು ಬಲಗೈಯಿಂದ ಮಾತ್ರ. ಮೊದಲ ದಿನ ಕೋಲು ಒಂದು ಸುತ್ತೂ ತಿರುಗದೆ, ತಟ್ಟೆಗೆ ಬಂದದ್ದು ಮುದ್ದೆಯೆನ್ನುವುದಕ್ಕಿಂತ ಗಂಟುಗಳ ಮೂಟೆ. ಕೆಲಸ ಬಿಡಿಸಲು ಹೊರಟಿದ್ದ ಯಜಮಾನರು ಅದನ್ನು ಚಕಾರವೆತ್ತದೆ ನುಂಗಿದರು, ಮರುದಿನವೂ ನುಂಗಿದರು. ಗಂಟು ಕಡಿಮೆಯಾದಷ್ಟೂ ಕೈಗೆ ಬಲ ಬಂದಿತೆಂದು ಲೆಕ್ಕ. ಆ ವಾರವೇ ಮತ್ತೆ ಹಿಮ ಬಿದ್ದಿತು. ಕಿಟಕಿಯಾಚೆ ನೋಡಿ ನಾನು ನಿಟ್ಟುಸಿರಿಟ್ಟರೆ, ಒಲೆಯ ಮುಂದೆ ಬೆವರುತ್ತಿದ್ದ ಆಂಟಿ, "ಬೀಳ್ಲಿ ಬಿಡು, ಎಷ್ಟ್ ದಿನ ಬಿದ್ದೀತು? ಅದಕ್ಕೂ ರಜಾ ಬೇಕಲ್ವಾ?" ಎಂದರು. ಮೂರನೆಯ ಶನಿವಾರ ನನ್ನ ತಟ್ಟೆಗೆ ಬಿದ್ದ ಮುದ್ದೆ ನುಣ್ಣಗೆ ಹೊಳೆಯುತ್ತಿತ್ತು. ಬೆರಳಿಗೆ ಒಂದು ಗಂಟೂ ಸಿಗಲಿಲ್ಲ.

ಪರೀಕ್ಷೆ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ. ಮೇಲ್ವಿಚಾರಕರ ಕಣ್ಣು ಗಡಿಯಾರದ ಮೇಲೆ, ನನ್ನ ಕಣ್ಣು ಆ ಮಣಿಕಟ್ಟಿನ ಮೇಲೆ. ನಾಲ್ಕನೆಯ ನಿಮಿಷಕ್ಕೆ ಫಲಕ ನಡುಗತೊಡಗಿತು. ಆಂಟಿಯ ತುಟಿಗಳು ಏನನ್ನೋ ಜಪಿಸುತ್ತಿದ್ದವು. ಫಲಕ ಇಳಿಯಲಿಲ್ಲ. ಸಹಿ ಬಿದ್ದ ಮೇಲೆ ಕೇಳಿದೆ: "ಏನ್ ಹೇಳ್ಕೋತಿದ್ರಿ?"

"ಹನ್ನೊಂದು ವರ್ಷ ದಾಟ್ಸಿದ್ ಮಕ್ಕಳ ಹೆಸ್ರು. ಅರ್ಧ ಆಗೋಷ್ಟ್ರಲ್ಲೇ ಟೈಮಾಗೋಯ್ತು!"

ಮೇ ಒಂದನೇ ತಾರೀಖು ಮೂಲೆಯ ಚೆರ್ರಿಮರ ಹೂವಾಗಿತ್ತು. ಅದರ ಕೆಳಗೆ, ಹಸಿರು ಕಮೀಜಿನ ಮೇಲೆ ಕಿತ್ತಳೆ ಅಂಗಿ ತೊಟ್ಟು, ನನ್ನ ಭುಜಕ್ಕೂ ಬಾರದ ಒಬ್ಬ ತೆಳ್ಳನೆಯ ಪುಟ್ಟ ಹೆಂಗಸು ನಿಂತಿದ್ದರು. ಕುಶ್ ಬಾಯಿ ತೆರೆದು ನಿಂತ.

"ಆಂಟೀ, ಯೂ ಡಿಡ್ ಮೆಲ್ಟ್!"

"ಹೂಂ ಮಗಾ, ಮೇಲಿಂದು ಕರಗೋಯ್ತು. ನಡಿ ಈಗ, ಕಾರುಗಳು ಕಾಯ್ತಾವೆ."

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ವಸಂತದ ವರ್ಣನೆಯಲ್ಲಿ ಅವರಿಗೆ ಆಸಕ್ತಿ ಕಡಿಮೆ; ಯಾವ ಹೂ ಯಾವಾಗ ಅರಳಿತೆಂದು ಕೇಳಿದರೆ ತಲೆಯೆತ್ತಿ ನೋಡಿಯೇ ಹೇಳಬೇಕು. ಆದರೆ ಹೂವರಳುವ ಹೊತ್ತಿಗೆ ತಾವು ತಮ್ಮ ಜಾಗದಲ್ಲಿ ನಿಂತಿರಬೇಕೆಂಬ ಅವರ ಹಟವಿದೆಯಲ್ಲ, ಅದರ ಕಾವಿನಲ್ಲಿ ಸುತ್ತಲಿನ ನಾಲ್ಕು ಜನ ತಮಗೇ ತಿಳಿಯದಂತೆ ಚಳಿಗಾಲ ಕಳೆದಿರುತ್ತಾರೆ. ನಾನೂ ಕಳೆದೆ.

ಮಕ್ಕಳೆಲ್ಲ ಒಳಹೋದ ಮೇಲೆ ಆಂಟಿ ಮರದ ಬುಡದಲ್ಲಿಟ್ಟಿದ್ದ ದೊಡ್ಡ ಚೀಲವನ್ನು ಎತ್ತಿ ನನ್ನ ಕೈಗಿತ್ತರು. ಚೀಲದ ಬಾಯಿಂದ ಕೋಟಿನ ಬಿಳಿಯ ತೋಳೊಂದು ಇಣುಕುತ್ತಿತ್ತು.

"ಒಂದು ಉಪಕಾರ ಮಾಡು ತಾಯಿ. ಇದನ್ನ ನಿಮ್ಮನೇಲಿ ಬಚ್ಚಿಡು. ನಮ್ಮನೇಲಿದ್ರೆ ನಮ್ಮೋರು ದಾನದ ಪೆಟ್ಟಿಗೆಗೆ ಹಾಕ್ಬಿಡ್ತಾರೆ, ಮುಂದಿನ ಚಳೀಲಿ ನಾನು ನಿಲ್ಲಬಾರ್ದು ಅಂತ. ನವೆಂಬರ್ ಒಂದಕ್ಕೆ ತಪ್ಪದೆ ತಂದ್ಕೊಡು. ಹಾಂ, ಕೆಂಪು ಗುಂಡಿ ಸಡಿಲ ಆಗಿದೆ. ಅಷ್ಟ್ರೊಳಗೆ ಒಂದು ಹೊಲಿಗೆ ಹಾಕಿಡು."