ಕೌದಿಯ ಮೂಲೆ

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಸಾಂಬ್ರಾಣಿ ಊರಿನಲ್ಲಿ ತಾಯಿಯ ಮನೆಯ ಮುಂದೆ ದುರ್ಗಾ ಕಾರಿನ ಕೀ ತಿರುಗಿಸಿದಳು. ಸ್ಟೀರಿಂಗಿನ ಹಿಂದಿನ ದೀಪಗಳೆಲ್ಲ ಹೊತ್ತಿಕೊಂಡವು. ಇಂಜಿನ್ನಿನಿಂದ ಮಾತ್ರ ಕಟ್ ಎನ್ನುವ ಸದ್ದೂ ಬರಲಿಲ್ಲ.

ಪಕ್ಕದ ಸೀಟಿನಲ್ಲಿ ಅವಳ ತಾಯಿ ದೇವಿಬಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಳಿಯಾಳದ ಕಣ್ಣಿನ ಶಿಬಿರದಲ್ಲಿ ಹನ್ನೆರಡರ ತನಕ ಮಾತ್ರ ಹೆಸರು ಬರೆದುಕೊಳ್ಳುತ್ತಿದ್ದರು. ದೇವಿಬಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮತ್ತೊಂದು ಶಿಬಿರ ಎಂದೋ ಏನೋ.

ದುರ್ಗಾ ಇನ್ನೊಮ್ಮೆ ತಿರುಗಿಸಿದಳು. ಮತ್ತೆ ಅದೇ ಮೌನ.

"ನೂಕೂಣೇನು ಅಕ್ಕಾ?" ಕಟ್ಟೆಯ ಮೇಲಿಂದ ಚಿಕ್ಕಪ್ಪನ ಮಗ ಕುಬೇರ ಕೂಗಿದ. "ಆಯಿತ್ವಾರ ನಮಗೂ ಬ್ಯಾರೆ ಉದ್ಯೋಗ ಇಲ್ಲ. ನಿನ್ನ ಗಾಡಿ ನೂಕಿ ನೂಕಿ ಸಾಂಬ್ರಾಣಿ ಮಂದಿ ಎಲ್ಲಾ ಪೈಲ್ವಾನ್ ಆಗ್ಯಾರ!"

ಕಟ್ಟೆಯ ಮೇಲಿದ್ದವರು ನಕ್ಕರು. ದೇವಿಬಾಯಿ ನಗಲಿಲ್ಲ. ಬಾಗಿಲಿನ ಹಿಡಿಕೆಯನ್ನು ತಡಕಾಡಿದಳು.

"ನಾ ಇಳಿತೇನಿ. ಬಸ್ ಬರೂ ಹೊತ್ತಾತು."

"ಕೂಡವ್ವಾ, ಈಗ ಸುರು ಆಗತೈತಿ."

"ನಾ ಕುಂತಾಗ ಎಂದರ ನೆಟ್ಟಗ ಸುರು ಆಗೈತೇನು? ದಾಂಡೇಲ್ಯಾಗ ದಿನಾ ಓಡತೈತಿ, ಹೌದಿಲ್ಲೊ? ನನ್ನ ಕಾಲಗುಣನ ಸರಿ ಇಲ್ಲ."

ಮುನಿಸಿನಿಂದ ಆಡಿದ ಮಾತಾಗಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅದನ್ನು ನಂಬಿಯೇ ಹೇಳಿದ್ದಳು. ಇಳಿದು, ಗೋಡೆ ಸವರಿಕೊಳ್ಳುತ್ತ ಬಸ್ಸು ನಿಲ್ಲುವ ಆಲದ ಮರದ ಕಡೆ ನಡೆದಳು. ಕುಬೇರ ಕಟ್ಟೆಯಿಂದ ಜಿಗಿದು ಅವಳ ಕೈ ಹಿಡಿದುಕೊಂಡ.

ದುರ್ಗಾ ದಾಂಡೇಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ನೋಡಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟಂತೆಯೇ ಈ ಹಳೆಯ ಕಾರಿನ ಮೇಲೂ ಪ್ರಯೋಗ ಮಾಡಿದ್ದಳು. ಬ್ಯಾಟರಿ ಬದಲಿಸಿದಳು, ತಂತಿಯ ತುದಿಗಳನ್ನು ಉಜ್ಜಿಸಿದಳು, ಸ್ಟಾರ್ಟರ್ ಬಿಚ್ಚಿಸಿ ನೋಡಿದಳು. ಗ್ಯಾರೇಜಿನ ಫಯಾಜ ಕೊನೆಗೆ ಕೈಮುಗಿದಿದ್ದ. "ಮೇಡಂರೀ, ನಿಮ್ಮ ಗಾಡಿ ನನ್ನ ಮುಂದ ಭಾಳ ಶಾಣ್ಯಾ ಆಗತೈತಿ. ಕೆಡವಲ್ದು ಅಂದ್ರ ನಾ ಏನ್ ರಿಪೇರಿ ಮಾಡ್ಲಿ?"

ಕಾರು ಕೈಕೊಡುತ್ತಿದ್ದುದು ತಾಯಿಯ ಮನೆಯ ಮುಂದೆ ಮಾತ್ರ. ಅಲ್ಲಿಯ ಇಳಿಜಾರು, ಧೂಳು, ಬೆಳಗಿನ ಇಬ್ಬನಿ, ಎಲ್ಲವನ್ನೂ ಅವಳು ಯೋಚಿಸಿದ್ದಳು. ಪ್ರತಿ ಭಾನುವಾರ ಊರಿನ ತಿರುವಿನಲ್ಲಿ, ಇಂಜಿನ್ ಆರಿಸದೆಯೇ ತಾನು ಮಾಡುತ್ತಿದ್ದ ಒಂದು ಕೆಲಸವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ತನ್ನಷ್ಟಕ್ಕೆ ನೆನೆಯುವುದೂ ಅವಳಿಗೆ ಬೇಡವಾಗಿತ್ತು.

ಕಾರು ಕೊಂಡ ವಾರವೇ ದೇವಿಬಾಯಿ ಒಂದು ಪುಟ್ಟ ಕೌದಿ ಹೊಲಿದುಕೊಟ್ಟಿದ್ದಳು. "ಕಬ್ಬಿಣದ ಮ್ಯಾಲ ಕಾಲಿಟ್ಟರ ಥಂಡಿ ಹಿಡಿತೈತಿ, ಕಾಲಾಗ ಹಾಸ್ಕೊ." ತನ್ನ ಎರಡು ಹಳೆಯ ಸೀರೆ, ದುರ್ಗಾಳ ಶಾಲೆಯ ನೀಲಿ ಲಂಗ, ಯಾರದೋ ಹಳದಿ ಕುಪ್ಪಸ. ನಾಲ್ಕೂ ಮೂಲೆಗೆ ಬಟ್ಟೆಯ ತ್ರಿಕೋನಗಳನ್ನು ಒಂದರ ಮೇಲೊಂದು ಮಡಚಿ ಹಚ್ಚಿದ ಹೂ. ಅವರ ಕೇರಿಯ ಹೆಂಗಸರು ಮೂಲೆಗೆ ಹೂವಿಲ್ಲದ ಕೌದಿಯನ್ನು ಯಾರಿಗೂ ಕೊಡುತ್ತಿರಲಿಲ್ಲ.

ಸೋಮವಾರ ಕಾರು ಹತ್ತಿದ ಸಹೋದ್ಯೋಗಿ ನಿರ್ಮಲಾ ಕೆಳಗೆ ನೋಡಿ ನಕ್ಕಿದ್ದಳು. "ಅಯ್ಯ, ಇದೇನ್ರಿ ದುರ್ಗಾ ಮೇಡಂ? ಹಳೇ ಬಟ್ಟಿಗೆ ಪಾತ್ರಿ ಕೊಡೂ ಬೋಹಾರಣಿ ಬಟ್ಟಿ ಎಲ್ಲಾ ಕೂಡಿಸಿ ಹೊಲಿಸೀರೇನು?"

"ಗ್ಯಾರೇಜಿನವರು ಹಾಕ್ಯಾರ" ಎಂದಿದ್ದಳು ದುರ್ಗಾ.

ಅಂದಿನಿಂದ ವಾರವೆಲ್ಲ ಕೌದಿ ಡಿಕ್ಕಿಯಲ್ಲಿರುತ್ತಿತ್ತು. ಭಾನುವಾರ, ತಾಯಿ ಕೈಯಾಡಿಸಿ ನೋಡುತ್ತಾಳೆಂದು, ತಿರುವಿನಲ್ಲಿ ಮತ್ತೆ ಕಾಲಡಿಗೆ ಬರುತ್ತಿತ್ತು.

ಈಗ ಒಬ್ಬಳೇ ಕೂತು ಮತ್ತೆ ಕ್ಲಚ್ ಒತ್ತಿದಾಗ ಅವಳ ಕಾಲಿಗೊಂದು ಮೆತ್ತನೆಯ ಅಡ್ಡಿ ತಾಗಿತು. ಬಗ್ಗಿ ನೋಡಿದಳು. ಕೌದಿ ಮುಂದಕ್ಕೆ ಜಾರಿ, ಅದರ ಮೂಲೆಯ ಹೂ ಸರಿಯಾಗಿ ಪೆಡಲಿನ ಕೆಳಗೆ ಕೂತಿತ್ತು. ಎಳೆದು ತೆಗೆದಳು. ಪೆಡಲ್ ಇನ್ನಷ್ಟು ಕೆಳಗಿಳಿಯಿತು. ಕೀ ತಿರುಗಿಸಿದೊಡನೆ ಇಂಜಿನ್ ಗುರುಗುಟ್ಟಿತು.

ಕ್ಲಚ್ ತಳಮುಟ್ಟದೆ ಸ್ಟಾರ್ಟರಿಗೆ ಕರೆಂಟ್ ಬಿಡದಂತೆ ಪೆಡಲಿನ ಬುಡದಲ್ಲಿ ಒಂದು ಸ್ವಿಚ್ಚಿರಬೇಕು. ಅಷ್ಟೇ. ಎಷ್ಟೋ ತಿಂಗಳಿನ ತೊಡಕು ಬಿಡಿಸಿದ ಖುಷಿಯಲ್ಲಿ ಅವಳು ತಲೆಯೆತ್ತಿದಳು.

ಆಲದ ಮರದಡಿ ದೇವಿಬಾಯಿ ಸದ್ದು ಬಂದ ಕಡೆ ತಿರುಗಿ ನಿಂತಿದ್ದಳು.

"ಕೇಳಿದೇನು ಕುಬೇರಾ? ನಾ ಇಳದದ್ದ ತಡ."

"ಬಿಡ ದೊಡ್ಡವ್ವಾ, ನಿನ್ನ ಕಾಲಗುಣ ಭಾರಿ ಐತಿ!" ಎಂದು ಅವನೂ ನಕ್ಕ.

ದುರ್ಗಾ ಕಾರನ್ನು ಮರದವರೆಗೆ ಒಯ್ದು ಇಳಿದಳು. "ಬಾ ಅವ್ವಾ, ಹೋಗೂಣು."

"ನಾ ಬಸ್ಸಿಗೆ ಬರ್ತೇನಿ. ನೀ ಮುಂದ ಹೋಗು. ದಾರ್ಯಾಗ ಮತ್ತ ನಿಂತೀತು."

"ನಿನ್ನಿಂದ ಅಲ್ಲವ್ವಾ. ಕೌದಿ ಕ್ಲಚ್ಚಿನ ಕೆಳಗ ಸಿಕ್ಕಿತ್ತು. ಅದಕ್ಕ."

ದೇವಿಬಾಯಿ ತಲೆಯಲ್ಲಾಡಿಸಿದಳು. "ಕೌದಿ ದಾಂಡೇಲ್ಯಾಗೂ ಇರತೈತಲ್ಲ. ಅಲ್ಲಿ ಹೆಂಗ ಸುರು ಆಗತೈತಿ?"

ಇಡೀ ತರಗತಿಯಲ್ಲಿ ಯಾರಾದರೂ ಕೇಳಬೇಕಾದ ಪ್ರಶ್ನೆ. ಅಲ್ಲಿ ರಸ್ತೆ ಸಮ ಇದೆ, ಕೌದಿ ಜಾರುವುದಿಲ್ಲ ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಾಯಿ ಅದನ್ನು ಪೂರ್ತಿ ನಂಬುತ್ತಿರಲಿಲ್ಲ. ಅರ್ಧ ತನ್ನ ಕಾಲಿನ ಮೇಲೆಯೇ ಹೊತ್ತುಕೊಳ್ಳುತ್ತಿದ್ದಳು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಅಲ್ಲಿ ಅದು ಡಿಕ್ಕ್ಯಾಗ ಇರತೈತಿ" ಎಂದಳು ದುರ್ಗಾ. "ಇಲ್ಲಿ ಬರೂ ಮುಂದ ಹಾಸ್ಕೊತೇನಿ."

ಕುಬೇರ ನಗು ನಿಲ್ಲಿಸಿ ರಸ್ತೆಯ ಕಡೆ ಮುಖ ಮಾಡಿದ.

"ಯಾರರ ಏನರ ಅಂದ್ರೇನು?" ದೇವಿಬಾಯಿ ಕೇಳಿದಳು.

"ಹೂಂ."

"ನೀ ಏನಂದಿ?"

"ಗ್ಯಾರೇಜಿನವರು ಹಾಕ್ಯಾರ ಅಂದ್ನಿ."

ಬಸ್ಸು ಬಂದು ನಿಂತಿತು. ಕಾರು ಅಡ್ಡವಿದ್ದುದರಿಂದ ಡ್ರೈವರ್ ಬಿಡದೆ ಹಾರ್ನ್ ಒತ್ತಿದ. ದೇವಿಬಾಯಿ ಎರಡು ಹೆಜ್ಜೆ ಬಸ್ಸಿನ ಕಡೆ ಇಟ್ಟಳು. ಬಾಗಿಲ ಕಂಬಿಯನ್ನು ಮುಟ್ಟಿ ನಿಂತಳು. ಆಮೇಲೆ ಕೈ ಬಿಟ್ಟು, ಕುಬೇರನ ಭುಜ ಹಿಡಿದು ಕಾರಿನ ಬಳಿಗೆ ಬಂದಳು. ಹಿಂದಿನ ಬಾಗಿಲು ತೆಗೆಸಿ ಹಿಂದೆ ಕೂತಳು.

ಕಾರು ಕೆರೆ ದಾಟಿತು.

"ಗ್ಯಾರೇಜಿನವರಿಗೆ ಹೂ ಹಾಕಾಕ ಬರತೈತೇನು?" ಹಿಂದಿನಿಂದ ದನಿ ಬಂತು.

ದುರ್ಗಾ ಕನ್ನಡಿಯಲ್ಲಿ ತಾಯಿಯ ಮುಖ ಕಾಣದಂತೆ ತುಸು ಬಲಕ್ಕೆ ಸರಿದು ಕೂತಳು.

ಶಿಬಿರದ ಅಂಗಳದಲ್ಲಿ ಸಾಲು ಇನ್ನೂ ಉದ್ದವಿತ್ತು. ಇಳಿಯುವ ಮೊದಲು ದೇವಿಬಾಯಿ ಕೈ ಚಾಚಿದಳು. "ಅದನ್ನ ಇಲ್ಲಿ ತಾ."

ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಮೂಲೆಯನ್ನು ಬೆರಳುಗಳ ನಡುವೆ ಒತ್ತಿ ನೋಡಿದಳು. "ಇದ ದಪ್ಪ ಆಗೈತಿ. ಹೊಲಿಯೂ ಮುಂದ ಕಣ್ಣಿಗೆ ಕಾಣವಲ್ದಾಗಿತ್ತು. ಹೂ ಕೈಗೆ ಹತ್ತೂತನಾ ಪದರ ಹಾಕ್ಕೋತ ಹೋದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದುರ್ಗಾಳಿಗೆ ಹಗುರವಾಗುತ್ತಿತ್ತು. "ಎಷ್ಟು ಐತಿ, ಅಳತಿ ಮಾಡು. ಕಣ್ಣು ಕಂಡ ಮ್ಯಾಲ ತೆಳ್ಳಗ ಹೊಲಿತೇನಿ. ನಿನ್ನ ಹಂತ್ಯಾಕ ಪಟ್ಟಿ ಇರತೈತಲ್ಲ."

ದುರ್ಗಾ ಕಾಲೇಜಿನ ಚೀಲದಿಂದ ಸ್ಟೀಲಿನ ಪಟ್ಟಿ ತೆಗೆದು ಹಿಂದಿನ ಸೀಟಿಗೆ ಬಂದಳು. ತಾಯಿ ಮೂಲೆಯನ್ನು ಅಲುಗದಂತೆ ಹಿಡಿದುಕೊಂಡಳು. ಹೂವಿನ ದಪ್ಪ ಇಪ್ಪತ್ತೆರಡು ಮಿಲಿಮೀಟರ್ ಇತ್ತು.