ಬೆಳೆಯದ ಮರಿ

ಹಣ್ಣು ಬುಟ್ಟಿಯ ಅಂಚಿಗೆ ತಾಗಿ ಕೆಳಗೆ ಬಿತ್ತು. ಅದೇ ಹೊತ್ತಿಗೆ ಫೋನ್ ಬಡಿದುಕೊಂಡದ್ದೇ ಕಾರಣ.

"ಬಳೆ ತೆಗೊಂಡಾಯ್ತಾ?" ಅಮ್ಮ.

"ಆಯ್ತು."

"ಎಂತ ಮಾಡ್ತಾ ಇದ್ದಿ?"

"ಕೆಲಸ."

"ಇವತ್ತು ಕೂಡಾ ಕೆಲಸವಾ? ತಂಗಿಯ ಮದುವೆ ಮಾರಾಯ. ಬೇಗ ಬಾ ಆಯ್ತಾ."

ಕೀರ್ತನ್ ಫೋನನ್ನು ಮಗುಚಿಟ್ಟ. ಮಣಿಪಾಲದ ಕಾಲೇಜೊಂದರಲ್ಲಿ ವಿನ್ಯಾಸ ಕಲಿಸುವ ಮೇಷ್ಟ್ರು, ರಜೆ ಹಾಕಿ, ಮಕ್ಕಳ ಜಾಲತಾಣದಲ್ಲಿ ಉದುರುವ ಹಣ್ಣು ಹಿಡಿಯುತ್ತಿದ್ದಾನೆ. ನೋಡಿದವರು ಏನೆಂದಾರು!

ತಂಗಿ ಯಶ್ಮಿತಾ ಏಳನೇ ಕ್ಲಾಸಿನಲ್ಲಿ ಜ್ವರ ಬಂದು ಸತ್ತಿದ್ದಳು. ಸತ್ತವರೂ ವಯಸ್ಸಿಗೆ ಬರುತ್ತಾರಂತೆ; ಆಗ ಕುಲೆಗೆ, ಅಂದರೆ ಸತ್ತವರ ಪ್ರೇತಕ್ಕೆ, ಇನ್ನೊಂದು ಕುಲೆಯನ್ನೇ ಹುಡುಕಿ ಮದುವೆ ಮಾಡಿಸಬೇಕಂತೆ. ಇಲ್ಲವಾದರೆ ಮನೆಯಲ್ಲಿ ಯಾರಿಗೂ ಏನೂ ಕೂಡಿಬರುವುದಿಲ್ಲ. ಕೀರ್ತನ್‌ಗೆ ಹೆಣ್ಣು ಸಿಗದಿರುವುದಕ್ಕೂ ಅದೇ ಕಾರಣವಂತೆ. ಬದುಕಿದವರ ಮದುವೆ ನಡೆಯದ ಆಟಿ ತಿಂಗಳಲ್ಲಿ ಅಜೆಕಾರಿನ ಹರ್ಷಿತ್ ಸಿಕ್ಕಿದ. ಅವನೂ ಚಿಕ್ಕಂದಿನಲ್ಲೇ ಹೋದವನು. ಒಳ್ಳೆಯ ಮನೆತನ ಎಂದು ಎಲ್ಲರೂ ಹೊಗಳಿದರು.

ತಾನು ಇದನ್ನೆಲ್ಲ ನಂಬುವುದಿಲ್ಲ ಎಂದಿದ್ದ ಕೀರ್ತನ್. ನಂಬಬೇಡ, ಬಾ ಸಾಕು, ಎಂದಿದ್ದಳು ಅಮ್ಮ.

ನಂಬದವನು ಇಲ್ಲಿ ಮಾಡುತ್ತಿದ್ದದ್ದಾದರೂ ಏನು? ಹಿಂದೆ ಯಶ್ಮಿತಾ ಕಟಪಾಡಿಯ ಸೈಬರ್ ಕೆಫೆಯಲ್ಲಿ ಕೂತು ಪರದೆಯ ಮೇಲೆ ಸಾಕಿಕೊಂಡಿದ್ದ ಒಂದು ನೀಲಿ ಮರಿಗೆ ಊಟ ಹಾಕುವುದು. ಗುಂಡಗಿದೆಯೆಂದು ಅದಕ್ಕೆ ಬೊಂಡ ಎಂದು ಹೆಸರಿಟ್ಟಿದ್ದಳು. ಆ ತಾಣದಲ್ಲಿ ಮರಿಗಳು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಹಸಿಯುತ್ತವೆ, ಅಷ್ಟೇ. ಊಟಕ್ಕೆ ಅಂಕ ಬೇಕು, ಅಂಕಕ್ಕೆ ಆಟವಾಡಬೇಕು. ರಾಶಿ ಬಿದ್ದಿರುವ ಆಟಗಳಲ್ಲಿ ಆಡಲು ಯೋಗ್ಯವಾದವು ಕೆಲವೇ. ಹಣ್ಣು ಹಿಡಿಯುವುದು ಪರವಾಗಿಲ್ಲ. ಬೇಗ ಮುಗಿಯುತ್ತದೆ, ಸೋತರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಬಣ್ಣದ ಕಲ್ಲು ಜೋಡಿಸುವುದು ಕೈ ಪಳಗಿದವರಿಗೆ. ಚಕ್ರ ತಿರುಗಿಸುವುದು ಶುದ್ಧ ಮೋಸ, ಆದರೆ ಯಶ್ಮಿತಾಳಿಗೆ ಅದೇ ಇಷ್ಟವಿತ್ತು. ಅದಕ್ಕೇ ಅವನು ದಿನಾ ಒಮ್ಮೆ ಚಕ್ರ ತಿರುಗಿಸಿ ಸೋಲುತ್ತಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ.

ಇವತ್ತಿನಿಂದ ಮನೆಯಲ್ಲಿ ಸತ್ತವರಿಗೆ ಬಡಿಸುವಾಗ ಅವಳಿಗೆ ಎಲೆ ಹಾಕುವುದಿಲ್ಲ. ಅವಳ ಊಟ ಇನ್ನು ಗಂಡನ ಮನೆಯಲ್ಲಿ. ಅಮ್ಮ ಇದನ್ನು ನೆಮ್ಮದಿಯಿಂದಲೇ ಹೇಳಿದ್ದಳು. ಕೀರ್ತನ್‌ಗೆ ಮಾತ್ರ ಅದು ನೆಮ್ಮದಿಯ ಮಾತಾಗಿರಲಿಲ್ಲ. ನಂಬಿಕೆಯೇ ಇಲ್ಲದ ಮದುವೆಯಲ್ಲಿ ತಂಗಿಯನ್ನು ಇನ್ನೊಮ್ಮೆ ಕಳೆದುಕೊಳ್ಳುವುದೆಂದರೆ ಎಂಥ ಕರ್ಮ!

ಕಟಪಾಡಿಯ ಮನೆಯಲ್ಲಿ ಎರಡು ಮಣೆ ಇಟ್ಟಿದ್ದರು. ಒಂದರ ಮೇಲೆ ಸೀರೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಅಂಗಿ. ಹುಡುಗ ಹರ್ಷಿತ್‌ನ ತಂಗಿ ಕುಶಲಾ ಬಳೆಯ ಪೆಟ್ಟಿಗೆ ಬಿಚ್ಚಿದವಳು ಹುಬ್ಬೇರಿಸಿದಳು.

"ಇದೆಂತ ಭಾವ? ಸಣ್ಣ ಮಕ್ಕಳ ಬಳೆ ಅಲ್ವಾ ಇದು?"

ಉಡುಪಿಯ ಅಂಗಡಿಯಲ್ಲಿ ಅಳತೆ ಕೇಳಿದಾಗ ಅವನು ಯೋಚಿಸಿರಲೇ ಇಲ್ಲ. ಏಳನೇ ಕ್ಲಾಸಿನ ಹುಡುಗಿಯ ಕೈ ಎಂದುಬಿಟ್ಟಿದ್ದ.

"ಇಷ್ಟು ಓದಿದವ, ಒಂದು ಬಳೆ ತರ್ಲಿಕ್ಕೆ ಗೊತ್ತಿಲ್ಲ!" ಅಮ್ಮನ ಅಣ್ಣ ಶೀನ ಮಾವ ಅಂದದ್ದೇ ತಡ, ಎಲ್ಲರೂ ಗೊಳ್ಳೆಂದು ನಕ್ಕರು. ಅದು ಮದುವೆಮನೆಯ ನಗುವೇ, ಅದರಲ್ಲಿ ಕೆಡುಕೇನೂ ಇರಲಿಲ್ಲ.

ಅಮ್ಮ ನಗಲಿಲ್ಲ. ತನ್ನ ಕೈಯ ಬಳೆಗಳನ್ನು ಕಳಚಿ ಸೀರೆಯ ಮೇಲಿಟ್ಟಳು.

"ಅವಳಿಗೀಗ ಮೂವತ್ತು, ಮಗ. ನನ್ನಷ್ಟೇ ಕೈ."

ಅವನಿಗೆ ತಲೆಯೆತ್ತಲಾಗಲಿಲ್ಲ. ಅಮ್ಮ ವರ್ಷ ವರ್ಷವೂ ಅವಳನ್ನು ಬೆಳೆಸಿದ್ದಳು, ಎತ್ತರ ಮಾಡಿದ್ದಳು, ಒಂದು ಮನೆಗೆ ಕೊಡುವಷ್ಟು ದೊಡ್ಡವಳನ್ನಾಗಿ ಮಾಡಿದ್ದಳು. ತಾನು ಮಾತ್ರ ಅವಳನ್ನು ಅಲ್ಲೇ ನಿಲ್ಲಿಸಿ ಹಣ್ಣು ಹಿಡಿಯುತ್ತ ಕೂತಿದ್ದೆ ಎನಿಸಿ ದುಃಖ ಉಕ್ಕಿಬಂತು.

"ಹೆಣ್ಣು ಕೊಟ್ಟೆವು ಅಂತ ಹೇಳು," ಎಂದರು ಮಾವ. "ಅಣ್ಣ ನೀನೇ ಅಲ್ವಾ."

"ನೀವೇ ಹೇಳಿ ಮಾವ."

"ನಾನು ಹೇಳಿದ್ರೆ ಆಗುದಿಲ್ಲ."

"ಕೊಟ್ಟೆವು."

"ನಮ್ಗೆ ಕೇಳ್ಲಿಲ್ಲ," ಎಂದಳು ಕುಶಲಾ.

ಅವನು ಇನ್ನೊಮ್ಮೆ ಹೇಳಿದ. ಆಮೇಲೆ ಯಾರಿಗೋ ಫೋನ್ ಮಾಡುವವನಂತೆ ಹಿತ್ತಲಿಗೆ ಹೋಗಿ ತಾಣವನ್ನು ತೆರೆದ. ಬೊಂಡನಿಗೆ ಹಸಿವಾಗಿದೆ ಎಂದಿತು ಪರದೆ. ಚಕ್ರ ತಿರುಗಿಸಲು ಬೆರಳೇ ಏಳಲಿಲ್ಲ. ಯಾರ ಸಲುವಾಗಿ ಆಡುವುದು?

ಹೆಣ್ಣನ್ನು ಅಜೆಕಾರಿಗೆ ತಲುಪಿಸುವುದು ಅವನದೇ ಕಾರಿನಲ್ಲಿ. ಹಿಂದಿನ ಸೀಟು ಮದುಮಕ್ಕಳಿಗೆ. ಬೇರೆ ಯಾರೂ ಕೂರುವಂತಿಲ್ಲ. ಒಂದು ಕಡೆ ಪಂಚೆ ಇಟ್ಟರು. ಇನ್ನೊಂದು ಕಡೆ ಅಕ್ಕಿ, ತೆಂಗಿನಕಾಯಿ ತುಂಬಿದ ದೊಡ್ಡ ಹರಿವಾಣ ಇಟ್ಟು ಅದರ ಮೇಲೆ ಸೀರೆ ಹೊದಿಸಿದರು. ಮಾವ ಮುಂದೆ ಕೂತರು. ಕಾರು ಸ್ಟಾರ್ಟ್ ಆದದ್ದೇ ಟಿಂಗ್ ಟಿಂಗ್ ಎಂದು ಕೂಗತೊಡಗಿತು.

ಹಿಂದೆ ಕೂತವರು ಬೆಲ್ಟ್ ಹಾಕಿಲ್ಲವೆಂದು ಕೆಂಪು ದೀಪ ತೋರಿಸುತ್ತಿತ್ತು.

ಅಕ್ಕಿಯ ಭಾರಕ್ಕೆ ಎಂದು ಹೇಳಲು ಕೀರ್ತನ್ ಬಾಯಿ ತೆರೆದ. ಅಂಗಳದಲ್ಲಿ ಎಲ್ಲರ ಕಣ್ಣೂ ಹಿಂದಿನ ಸೀಟಿನ ಮೇಲಿತ್ತು. ಅವನು ಬಾಯಿ ಮುಚ್ಚಿಕೊಂಡ.

ಅಮ್ಮ ಬಂದು ಬಾಗಿಲು ತೆರೆದಳು. ಬೆಲ್ಟನ್ನು ಎಳೆದು, ಸೀರೆಯ ನೆರಿಗೆ ಕೆಡದ ಹಾಗೆ ಹಾಯಿಸಿ, ಕಟಕ್ಕನೆ ಸಿಕ್ಕಿಸಿದಳು. ಸದ್ದು ನಿಂತಿತು.

"ಹೋಗಿ ಬಾ ಮಗಾ," ಎಂದಳು, ಸೀರೆಗೆ.

ಕಾರ್ಕಳದ ದಾರಿಯ ತಿರುವುಗಳಲ್ಲಿ ಅವನು ತೀರಾ ನಿಧಾನಕ್ಕೆ ಓಡಿಸಿದ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಬೆಲ್ಟು ಸೀರೆಯನ್ನು ಬಿಗಿಯಾಗಿ ಒತ್ತಿ ಹಿಡಿದಿತ್ತು. ಬೆಲ್ಟಿಗೂ ಸೀರೆಗೂ ನಡುವೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಹಿಡಿಸುವಷ್ಟೂ ಜಾಗವಿರಲಿಲ್ಲ.